ಜಾರಿದ ಗರ್ಭಕೋಶ, ಅದರೊಳಗೆ ಕ್ಯಾನ್ಸರ್: ಹಾಸನದ ಒಂದು ಪ್ರಕರಣ

ಈ ಪ್ರಕರಣದ ಬಗ್ಗೆ ಬರೆಯಲಾ ಅಂತ ಕೇಳಿದಾಗ ಆ ಅಮ್ಮ ಹೇಳಿದ್ದು ಒಂದೇ ಮಾತು: "ಬರ್ಕಳಿ, ನಮ್ಮೂರ್ ಹೆಸ್ರು ಮಾತ್ರ ಹಾಕ್ಬ್ಯಾಡಿ." ಹಾಗಾಗಿ ಹೆಸರಿಲ್ಲ, ಊರೂ ಇಲ್ಲ. ಆಲೂರು ಕಡೆಯ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ.

ನಾನು ಹಾಸನದಲ್ಲಿ ಸ್ತ್ರೀರೋಗ ವೈದ್ಯೆ. ಜಾರಿದ ಗರ್ಭಕೋಶ, ಮೂತ್ರ ಸೋರುವುದು, ಇವು ನನ್ನ ದಿನನಿತ್ಯದ ಕೆಲಸ. ಕ್ಯಾನ್ಸರ್ ಸರ್ಜನ್ ನಾನಲ್ಲ. ಇಲ್ಲಿ ಆ ಕೆಲಸ ಮಾಡಿದವರು ತಿಂಗಳಿಗೆ ಎರಡು ಸಲ ಬೆಂಗಳೂರಿನಿಂದ ಬರುವ ತಜ್ಞರು. ಅವರದ್ದು ಅರ್ಧ ಕೆಲಸ, ನನ್ನದು ಅರ್ಧ. ಎರಡೂ ಒಂದೇ ದಿನ, ಒಂದೇ ಟೇಬಲ್ ಮೇಲೆ ಆಯಿತು. ಅದು ಹೇಗೆ ಆಯಿತು, ಎಲ್ಲಿ ನಾವು ಕೈ ತಡೆದೆವು ಅನ್ನುವುದಕ್ಕೇ ಈ ಬರಹ.

ಮೊದಲ ಭೇಟಿ

ಜೂನ್ ಎರಡನೇ ವಾರ. ಆಲೂಗಡ್ಡೆ ಬಿತ್ತನೆ ಮುಗಿಯುವ ತನಕ ಆಸ್ಪತ್ರೆಗೆ ಬರಲ್ಲ ಅಂತ ಹಟ ಹಿಡಿದಿದ್ದರಂತೆ. ಸೊಸೆ ಹೇಗೋ ಒಪ್ಪಿಸಿ ಕರೆತಂದಿದ್ದರು.

ವಯಸ್ಸು 63. ನಾಲ್ಕು ಹೆರಿಗೆ, ಮೂರು ಮನೆಯಲ್ಲೇ. ಮುಟ್ಟು ನಿಂತಿದ್ದು 54ಕ್ಕೆ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ತೂಕ 74 ಕೆಜಿ, ಎತ್ತರ 152 ಸೆಂ.ಮೀ.

"ಏನಮ್ಮ ತೊಂದರೆ?"

"ಮೈ ಕೆಳೀಕ್ ಬತ್ತದೆ ಡಾಕ್ಟ್ರಮ್ಮ. ಹನ್ನೊಂದು ವರ್ಷಾತು. ಅದಿರ್ಲಿ ಬಿಡಿ. ಈಗ ಕೆಂಪು ಕಾಣ್ತದೆ."

ಹನ್ನೊಂದು ವರ್ಷ! ಬೆಳಿಗ್ಗೆ ಎದ್ದು ಓಡಾಡಲು ಶುರು ಮಾಡಿದರೆ ಗರ್ಭಕೋಶ ಹೊರಗೆ ಬರುತ್ತೆ. ಮಲಗಿದರೆ ಒಳಗೆ ಹೋಗುತ್ತೆ. ಹೊಲಕ್ಕೆ ಹೋಗುವ ದಿನ ಹಳೇ ಸೀರೆ ಹರಿದು ಲಂಗೋಟಿಯ ಹಾಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ. ಒಂದಕ್ಕೆ ಹೋಗಬೇಕಾದರೆ ಎರಡು ಬೆರಳಿಂದ ಒಳಗೆ ತಳ್ಳಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಪೂರ್ತಿ ಆಗಲ್ಲ. ಇದನ್ನೆಲ್ಲ ಅವರು ಮಳೆ ಬೆಳೆ ವಿಷಯ ಹೇಳುವ ಹಾಗೆ ಹೇಳಿದರು.

ಎಂಟು ತಿಂಗಳ ಹಿಂದೆ ಬೇರೊಂದು ಕಡೆ ತೋರಿಸಿದ್ದರು. ಅಲ್ಲಿ ರಿಂಗ್ ಹಾಕಿದ್ದರು. ಒಳಗೆ ಕೂತು ಗರ್ಭಕೋಶವನ್ನು ಎತ್ತಿ ಹಿಡಿಯುವ ಬಳೆಯಂಥ ಸಾಧನ ಅದು. ನಾಲ್ಕು ತಿಂಗಳಾದ ಮೇಲೆ ಕೆಂಪು ಕಾಣಿಸಿತು. ರಿಂಗ್ ಉಜ್ಜುತ್ತಿದೆ ಅಂತ ತೆಗೆದರು. ಆಮೇಲೂ ನಿಲ್ಲಲಿಲ್ಲ. ಹುಣ್ಣಾಗಿದೆ, ಅದರಿಂದ ಬರುತ್ತಿದೆ ಅಂತ ಮುಲಾಮು ಕೊಟ್ಟು ಕಳಿಸಿದರು.

ಪರೀಕ್ಷೆ ಮಾಡಿದಾಗ ಹುಣ್ಣು ನಿಜಕ್ಕೂ ಇತ್ತು. ಕೆಮ್ಮಿಸಿದರೆ ಗರ್ಭಕೋಶದ ಕೊರಳು 4 ಸೆಂ.ಮೀ. ಹೊರಗೆ ಬರುತ್ತಿತ್ತು. ಮುಂದಿನ ಗೋಡೆಯ ಜೊತೆ ಮೂತ್ರಕೋಶವೂ ಇಳಿದಿತ್ತು. ನಮ್ಮ ಅಳತೆಯಲ್ಲಿ ಇದು ಮೂರನೇ ಹಂತ. ಕೊರಳಿನ ಹಿಂದಿನ ತುಟಿಯಲ್ಲಿ 2 ಸೆಂ.ಮೀ. ಅಗಲದ ಹುಣ್ಣು. ವರ್ಷಗಟ್ಟಲೆ ಹೊರಗೆ ಜೋತಾಡಿ ಬಟ್ಟೆಗೆ ಉಜ್ಜಿದರೆ ಹೀಗೆ ಆಗುವುದು ಮಾಮೂಲು.

ನಾನೂ ಚೀಟಿ ಬರೆಯಲು ಶುರು ಮಾಡಿದ್ದೆ ಅಂತ ಒಪ್ಪಿಕೊಳ್ಳಬೇಕು. ಗ್ಲಿಸರಿನ್ ಅಕ್ರಿಫ್ಲೇವಿನ್ ಪ್ಯಾಕ್ (ಔಷಧಿಯಲ್ಲಿ ನೆನೆಸಿ ಒಳಗಿಡುವ ಬಟ್ಟೆ), ಈಸ್ಟ್ರೋಜನ್ ಮುಲಾಮು, ಎರಡು ವಾರ ಬಿಟ್ಟು ಬನ್ನಿ. ಕೈ ಅಭ್ಯಾಸದಂತೆ ಓಡುತ್ತಿತ್ತು. ಅಷ್ಟರಲ್ಲಿ ಸೊಸೆ ಹೇಳಿದರು: "ಮೇಡಂ, ಬೆಳಿಗ್ಗೆ ಹಾಸಿಗೆಯಲ್ಲೇ ಕಲೆ ಇರ್ತದೆ. ರಾತ್ರಿ ಎಲ್ಲ ಒಳಗೇ ಇರ್ತದಲ್ವಾ, ಆಗ ಏನ್ ಉಜ್ಜೋದು?"

ನಾನು ಪೆನ್ನು ಕೆಳಗಿಟ್ಟೆ. ಮತ್ತೆ ಟೇಬಲ್ ಮೇಲೆ ಮಲಗಿಸಿ, ಗರ್ಭಕೋಶವನ್ನು ಒಳಗೆ ತಳ್ಳಿ, ಒಳಗೆ ನೋಡಲು ಸ್ಪೆಕ್ಯುಲಮ್ ಹಾಕಿ ಕಾದೆ. ಹುಣ್ಣು ಒಣಗಿದ ಹಾಗಿತ್ತು. ಕೊರಳಿನ ಬಾಯಿಂದ ತೆಳುವಾದ ಕಂದು ರಕ್ತ ಜಿನುಗುತ್ತಿತ್ತು.

ಈಸ್ಟ್ರೋಜನ್ ಮುಲಾಮನ್ನು ಚೀಟಿಯಿಂದ ಹೊಡೆದು ಹಾಕಿದೆ. ಮುಟ್ಟು ನಿಂತವರ ಹುಣ್ಣಿಗೆ ಅದು ಒಳ್ಳೆಯ ಔಷಧಿಯೇ. ಆದರೆ ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವಾಗ ಕೊಡುವಂಥದ್ದಲ್ಲ. ಗರ್ಭಕೋಶದ ಒಳಪೊರೆಯ ಕ್ಯಾನ್ಸರಿಗೆ ಬಹಳ ಸಲ ಈಸ್ಟ್ರೋಜನ್ನೇ ಗೊಬ್ಬರ.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಸಲ, ಒಂದೇ ಚುಕ್ಕೆ ಕೆಂಪು ಕಂಡರೂ ಒಳಪೊರೆ ನೋಡಬೇಕು. ಹೀಗೆ ರಕ್ತ ಕಾಣುವ 100 ಹೆಂಗಸರಲ್ಲಿ ಸುಮಾರು 9 ಮಂದಿಗೆ ಒಳಪೊರೆಯ ಕ್ಯಾನ್ಸರ್ ಇರುತ್ತೆ. ತಿರುಗಿಸಿ ನೋಡಿದರೆ ಇನ್ನೂ ಗಟ್ಟಿ ಲೆಕ್ಕ: ಈ ಕ್ಯಾನ್ಸರ್ ಇರುವ 100 ಜನರಲ್ಲಿ ಸುಮಾರು 90 ಮಂದಿಗೆ ರಕ್ತ ಕಂಡೇ ಇರುತ್ತೆ. ಇಷ್ಟು ಬೇಗ ಸುಳಿವು ಕೊಡುವ ಕ್ಯಾನ್ಸರ್ ಕಡಿಮೆ. ಈ ಅಮ್ಮನಿಗೂ ಕೊಟ್ಟಿತ್ತು. ನಾವು ಅದನ್ನು ಹುಣ್ಣಿನ ಲೆಕ್ಕಕ್ಕೆ ಬರೆದುಕೊಂಡಿದ್ದೆವು.

ವರದಿಗಳು

ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಒಳಪೊರೆ 14 ಮಿ.ಮೀ. ದಪ್ಪ ಇತ್ತು. ರಕ್ತ ಕಂಡವರಲ್ಲಿ ಅದು 4 ಮಿ.ಮೀ. ಅಥವಾ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಹದಿನಾಲ್ಕಕ್ಕೆ ಆ ನೆಮ್ಮದಿ ಇಲ್ಲ. ಅವತ್ತೇ ಪೈಪೆಲ್ ಹಾಕಿ ಒಳಪೊರೆಯ ಚೂರು ತೆಗೆದೆ. ಅದು ಬಾಲ್‌ಪೆನ್ ರೀಫಿಲ್‌ಗಿಂತ ಸ್ವಲ್ಪ ದಪ್ಪದ ಪ್ಲಾಸ್ಟಿಕ್ ಕೊಳವೆ, ಅರಿವಳಿಕೆ ಬೇಡ, ಮುಟ್ಟಿನ ನೋವಿನಂಥ ನೋವು ಒಂದು ನಿಮಿಷ. ಹುಣ್ಣಿನ ಅಂಚಿನಿಂದಲೂ ಒಂದು ಚೂರು ಕಳಿಸಿದೆ, ಕೊರಳಿನ ಕ್ಯಾನ್ಸರ್ ಇರಬಹುದಾ ಅಂತ. ಅದು ಮುಖ್ಯ, ಯಾಕೆಂದರೆ ಕೊರಳಿನ ಕ್ಯಾನ್ಸರ್ ಆಗಿದ್ದರೆ ದಾರಿಯೇ ಬೇರೆ. ಅದಕ್ಕೆ ಸುತ್ತಲಿನ ಭಾಗವನ್ನೂ ಅಗಲವಾಗಿ ತೆಗೆಯಬೇಕು. 2018ರ ಒಂದು ದೊಡ್ಡ ಅಧ್ಯಯನದ ನಂತರ ಅದಕ್ಕೆ ಹೊಟ್ಟೆ ತೆರೆದು ಮಾಡುವುದೇ ಸುರಕ್ಷಿತ ಅಂತ ಆಗಿದೆ. ಒಳಪೊರೆಯ ಕ್ಯಾನ್ಸರಿಗೆ ಹಾಗಲ್ಲ, ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಲ್ಯಾಪ್ರೊಸ್ಕೋಪಿ ಅಷ್ಟೇ ಚೆನ್ನಾಗಿ ನಡೆಯುತ್ತೆ.

ಒಂದು ವಾರಕ್ಕೆ ವರದಿ ಬಂತು. ಹುಣ್ಣಿನಲ್ಲಿ ಕ್ಯಾನ್ಸರ್ ಇಲ್ಲ. ಒಳಪೊರೆಯಲ್ಲಿ ಇದೆ, ಎಂಡೊಮೆಟ್ರಿಯಾಯ್ಡ್ ಜಾತಿ, ಗ್ರೇಡ್ 1. ಅಂದರೆ ನಿಧಾನದ್ದು, ಹೆಚ್ಚು ಪುಂಡಾಟ ಮಾಡದ್ದು. ಎಂಆರ್‌ಐಯಲ್ಲಿ ಗರ್ಭಕೋಶದ ಸ್ನಾಯುವಿನೊಳಗೆ ಅರ್ಧಕ್ಕಿಂತ ಕಡಿಮೆ ಆಳಕ್ಕೆ ಇಳಿದಿತ್ತು, ಹೊರಗೆಲ್ಲೂ ಹರಡಿರಲಿಲ್ಲ.

ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಇನ್ನೊಂದು ಸಿಕ್ಕಿತು. ಬಲಗಡೆಯ ಕಿಡ್ನಿ ಸ್ವಲ್ಪ ಊದಿತ್ತು. ಗರ್ಭಕೋಶ ಮತ್ತು ಮೂತ್ರಕೋಶ ಕೆಳಗೆ ಜಾರಿದಾಗ ಕಿಡ್ನಿಯಿಂದ ಬರುವ ಮೂತ್ರನಾಳಗಳೂ ಜಗ್ಗಿ ಮಡಚಿಕೊಳ್ಳುತ್ತವೆ. ನೀರಿನ ಪೈಪ್ ಮಡಚಿದ ಹಾಗೆ. ನೋವೇ ಇರಲ್ಲ, ಆದರೆ ಕಿಡ್ನಿ ಒಳಗೊಳಗೇ ಪೆಟ್ಟು ತಿನ್ನುತ್ತಿರುತ್ತೆ. ಮೂತ್ರ ಹೋದ ಮೇಲೂ 180 ಮಿ.ಲೀ. ಒಳಗೇ ಉಳಿಯುತ್ತಿತ್ತು.

ಮನೆಯವರ ಮಾತು, ಆಕೆಯ ಮಾತು

ವರದಿ ಹೇಳುವ ದಿನ ಗಂಡ, ಮಗ, ಸೊಸೆ, ಬೆಂಗಳೂರಿನ ಮಗಳು ಎಲ್ಲರೂ ಬಂದಿದ್ದರು. ಕ್ಯಾನ್ಸರ್ ಅಂದ ತಕ್ಷಣ ಕೋಣೆಯಲ್ಲಿ ಬೇರೆ ಎಲ್ಲ ವಿಷಯವೂ ಸತ್ತು ಹೋಯಿತು. ಮಗ ಕಿದ್ವಾಯಿಗೇ ಹೋಗೋಣ ಅಂದರು. ತಪ್ಪೇನಿಲ್ಲ, ಒಳ್ಳೆಯ ಜಾಗ, ಹೋಗುವುದಾದರೆ ಪತ್ರ ಬರೆದುಕೊಡುತ್ತೇನೆ ಅಂದೆ. ಇಲ್ಲೇ ಆಗುವುದಾದರೆ ಮೂರ್ನಾಲ್ಕು ವಾರದಲ್ಲಿ ತಜ್ಞರು ಬಂದಾಗ ಮಾಡಬಹುದು ಅಂತಲೂ ಹೇಳಿದೆ. ನಾನು ಜಾರಿರುವುದನ್ನೂ ಅದೇ ದಿನ ಸರಿ ಮಾಡುವ ಮಾತೆತ್ತಿದಾಗ ಗಂಡ ತಲೆ ಅಲ್ಲಾಡಿಸಿದರು: "ಕ್ಯಾನ್ಸರ್ ತೆಗುದ್ರೆ ಸಾಕು ಮೇಡಂ. ಈ ವಯಸ್ನಲ್ಲಿ ಅದ್ಯಾಕೆ?"

ಇದು ಬರೀ ಮನೆಯವರ ಮಾತಲ್ಲ, ವೈದ್ಯರಲ್ಲೂ ಬಹಳ ಜನ ಹೀಗೇ ಯೋಚಿಸುತ್ತಾರೆ. ಕ್ಯಾನ್ಸರ್ ಎದುರಿಗಿರುವಾಗ ಮೂತ್ರ ಸೋರುವುದು, ಮೈ ಜಾರುವುದು ಎಲ್ಲ ಸಣ್ಣ ವಿಷಯ ಅನಿಸುತ್ತೆ. ಕೇಳುವುದೇ ಇಲ್ಲ. ಆದರೆ ಇವೆರಡೂ ಬೇರೆ ಬೇರೆ ಊರಿನ ಕಾಯಿಲೆಗಳಲ್ಲ. ವಯಸ್ಸು ಮತ್ತು ದಪ್ಪ ಮೈ ಎರಡಕ್ಕೂ ದಾರಿ ಮಾಡಿಕೊಡುತ್ತವೆ. ಆದ್ದರಿಂದ ಒಂದೇ ಮೈಯಲ್ಲಿ ಎರಡೂ ಸಿಗುವುದು ಅಪರೂಪವೇನಲ್ಲ. ಮೊದಲು ಜಾರಿದ ಗರ್ಭಕೋಶ ಕ್ಯಾನ್ಸರನ್ನು ಮರೆಮಾಡಿತ್ತು. ಈಗ ಕ್ಯಾನ್ಸರ್ ಜಾರಿದ್ದನ್ನು ಮರೆಮಾಡುತ್ತಿತ್ತು.

ಎಲ್ಲರನ್ನೂ ಹೊರಗೆ ಕೂರಿಸಿ ಆ ಅಮ್ಮನ ಜೊತೆ ಮಾತಾಡಿದೆ. ನಿಮಗೆ ಇದರಲ್ಲಿ ಯಾವುದು ಜಾಸ್ತಿ ಕಷ್ಟ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಾಸನಾಂಬೆ ನೋಡಿ ಆರು ವರ್ಷಾತು ಡಾಕ್ಟ್ರಮ್ಮ. ಸಾಲ್ನಲ್ಲಿ ನಿಂತ್ಕಳಕ್ಕೆ ಆಗಕಿಲ್ಲ. ನಿಂತ್ರೆ ಇಳೀತದೆ."

ಹೊರಗಿನವರಿಗೆ ಇದು ಅರ್ಥ ಆಗುವುದು ಕಷ್ಟ. ಹಾಸನಾಂಬೆ ಗುಡಿ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಕೆಲವೇ ದಿನ. ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಊರಿನ ಹೆಂಗಸರೆಲ್ಲ ಹೊರಟಾಗ ಆರು ವರ್ಷ ಇವರು ಏನೇನೋ ನೆಪ ಹೇಳಿ ಮನೆಯಲ್ಲೇ ಉಳಿದಿದ್ದರು. ಗಂಡನಿಗೂ ನಿಜ ಗೊತ್ತಿರಲಿಲ್ಲ.

ಇನ್ನೊಂದು ಪ್ರಶ್ನೆ ಕೇಳಿದೆ, ಮೊದಲ ದಿನವೇ ಕೇಳಬೇಕಿತ್ತು. ಕೆಮ್ಮಿದಾಗ ಮೂತ್ರ ಸೋರುತ್ತಾ? "ಮುಂಚೆ ಸೋರ್ತಿತ್ತು. ಮೈ ಪೂರ್ತಿ ಇಳಿದ್ ಮ್ಯಾಲೆ ತಾನೇ ನಿಂತೋಯ್ತು." ಅವರು ಅದನ್ನು ಒಳ್ಳೆಯ ಸುದ್ದಿ ಅಂತ ಹೇಳಿದರು. ನನಗೆ ಅದು ಎಚ್ಚರಿಕೆ ಗಂಟೆ. ಇದಕ್ಕೆ ಆಮೇಲೆ ಬರುತ್ತೇನೆ.

ಯಾವ ದಾರಿ?

ಬೆಂಗಳೂರಿನ ತಜ್ಞರ ಜೊತೆ ಫೋನಿನಲ್ಲಿ ಎರಡು ಸಲ ಉದ್ದಕ್ಕೆ ಚರ್ಚೆ ಆಯಿತು. ಒಂದು ಸಲ ಸ್ವಲ್ಪ ಬಿಸಿಯೂ ಆಯಿತು.

ನನ್ನ ಕೈಗೆ ಸುಲಭವಾದದ್ದು ಕೆಳಗಿನಿಂದಲೇ ಗರ್ಭಕೋಶ ತೆಗೆಯುವುದು. ಹೊಟ್ಟೆಗೆ ಗಾಯ ಇಲ್ಲ, ಜಾರಿದ್ದನ್ನು ಅಲ್ಲೇ ಸರಿ ಮಾಡಬಹುದು. ಅವರು ಒಪ್ಪಲಿಲ್ಲ. ಕೆಳಗಿನಿಂದ ಮಾಡಿದರೆ ಹೊಟ್ಟೆಯೊಳಗೆ ನೋಡಿದ ಹಾಗೆ ಆಗಲ್ಲ. ಅಂಡಾಶಯಗಳು ಕೈಗೆ ಸಿಗದೆ ಹೋಗಬಹುದು. ಕ್ಯಾನ್ಸರ್ ಹರಡಬಹುದಾದ ದುಗ್ಧಗ್ರಂಥಿ (ಲಿಂಫ್ ನೋಡ್) ನೋಡಬೇಕಾಗಿ ಬಂದರೆ ದಾರಿ ಇಲ್ಲ. ದೊಡ್ಡ ಆಪರೇಷನ್ ತಡೆದುಕೊಳ್ಳಲಾರದ ತೀರಾ ವಯಸ್ಸಾದವರಿಗೆ ಅದು ಸರಿ, ಇವರಿಗೆ ಯಾಕೆ? ಅವರ ಮಾತು ನ್ಯಾಯವಾಗಿತ್ತು.

ಯೋನಿಯನ್ನೇ ಹೊಲಿದು ಮುಚ್ಚಿಬಿಡುವ ಆಪರೇಷನ್ ಒಂದಿದೆ. ಸಂಸಾರ ಬೇಡ ಅನ್ನುವ ವಯಸ್ಸಾದವರಿಗೆ ಚಿಕ್ಕದು, ಗಟ್ಟಿ, ಮತ್ತೆ ಜಾರುವುದು ಕಡಿಮೆ. "ನಂಗಿನ್ನೇನು, ಮುಚ್ಬಿಡಿ" ಅಂತ ಈ ಅಮ್ಮನೇ ಅಂದಿದ್ದರು. ಕ್ಯಾನ್ಸರ್ ಇಲ್ಲದಿದ್ದರೆ ನಾನೂ ಯೋಚಿಸುತ್ತಿದ್ದೆ. ಆದರೆ ಒಳಪೊರೆಯ ಕ್ಯಾನ್ಸರ್ ಮರಳಿ ಬಂದರೆ ಬಹಳ ಸಲ ಬರುವುದು ಯೋನಿಯ ಒಳತುದಿಯಲ್ಲೇ. ಅಲ್ಲಿ ಬೇಗ ಕಣ್ಣಿಗೆ ಬಿದ್ದರೆ ಗುಣಪಡಿಸುವ ಅವಕಾಶ ಚೆನ್ನಾಗಿದೆ. ಮುಚ್ಚಿಬಿಟ್ಟರೆ ನೋಡುವುದು ಹೇಗೆ? ಅಷ್ಟೇ ಅಲ್ಲ, ಅಂತಿಮ ವರದಿಯಲ್ಲಿ ಅಪಾಯ ಜಾಸ್ತಿ ಅಂತ ಬಂದರೆ ಒಳಗಿನಿಂದ ರೇಡಿಯೇಷನ್ ಕೊಡಬೇಕಾಗುತ್ತೆ. ಅದರ ಕೊಳವೆ ಕೂರಲು ಜಾಗ ಬೇಕು.

ಮೆಶ್, ಅಂದರೆ ಪ್ಲಾಸ್ಟಿಕ್ ಬಲೆ, ಅದರ ಬಗ್ಗೆಯೂ ಮಾತು ಬಂತು. ಹೊಟ್ಟೆಯೊಳಗಿಂದ ಯೋನಿಯ ತುದಿಯನ್ನು ಬೆನ್ನಿನ ಕೆಳಮೂಳೆಗೆ ಮೆಶ್‌ನಿಂದ ಕಟ್ಟುವುದು ಬಹುಕಾಲ ಬಾಳುವ ವಿಧಾನ. ಮೆಶ್ ಅಂದರೆ ಈಗ ಎಲ್ಲರೂ ಬೆಚ್ಚುತ್ತಾರೆ. ಜಾರಿದ್ದನ್ನು ಸರಿ ಮಾಡಲು ಯೋನಿಯ ಮೂಲಕ ಹಾಕುವ ಮೆಶ್ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಕರು 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿದ್ದು ನಿಜ. ಹೊಟ್ಟೆಯಿಂದ ಹಾಕುವುದಕ್ಕೆ ಆ ಆದೇಶ ತಾಗಲ್ಲ. ನನ್ನ ಅಡ್ಡಿ ಬೇರೆ. ಸಕ್ಕರೆ ಕಾಯಿಲೆ ಇದೆ, ಹುಣ್ಣು ಈಗಷ್ಟೇ ಮಾಯುತ್ತಿದೆ. ಮೇಲೆ ರೇಡಿಯೇಷನ್ ಬೇಕಾಗಬಹುದು, ಬೇಡದೆಯೂ ಇರಬಹುದು, ಅವತ್ತಿಗೆ ಗೊತ್ತಿಲ್ಲ. ಅಂಥ ಜಾಗದಲ್ಲಿ ಶಾಶ್ವತ ಪ್ಲಾಸ್ಟಿಕ್ ಬಿಟ್ಟು ಬರಲು ಮನಸ್ಸು ಬರಲಿಲ್ಲ.

ಕೊನೆಗೆ ಒಪ್ಪಿದ್ದು ಇದು. ಲ್ಯಾಪ್ರೊಸ್ಕೋಪಿಯಲ್ಲಿ ಗರ್ಭಕೋಶ, ಎರಡೂ ಅಂಡಾಶಯ ಮತ್ತು ಅಂಡನಾಳ ತೆಗೆಯುವುದು. ಆಮೇಲೆ ಅವರದೇ ಮೈಯಲ್ಲಿರುವ, ಗರ್ಭಕೋಶವನ್ನು ಹಿಂದಕ್ಕೆ ಹಿಡಿದಿಡುವ ಹುರಿಗಳಿಗೆ ಯೋನಿಯ ತುದಿಯನ್ನು ಎತ್ತರದಲ್ಲಿ ಹೊಲಿಯುವುದು. ಕೆಳಗಿನಿಂದ ಮೂತ್ರಕೋಶದ ಕಡೆಯ ಗೋಡೆ ಬಿಗಿ ಮಾಡುವುದು. ಮೆಶ್ ಇಲ್ಲ. ಈ ಹೊಲಿಗೆ ಶಾಶ್ವತ ಅಂತ ನಾನು ಮನೆಯವರಿಗೆ ಹೇಳಲಿಲ್ಲ. 2014ರ ಒಂದು ಒಳ್ಳೆಯ ಅಧ್ಯಯನದಲ್ಲಿ ಕಟ್ಟುನಿಟ್ಟಿನ ಅಳತೆಯಿಂದ ನೋಡಿದಾಗ ಎರಡು ವರ್ಷಕ್ಕೆ ಯಶಸ್ಸು ನೂರಕ್ಕೆ 60ರ ಹತ್ತಿರ ಇತ್ತು. ಅದನ್ನೇ ಹೇಳಿದೆ. ಮಗನಿಗೆ ಅದು ಕಡಿಮೆ ಅನಿಸಿತು. ಸೊನ್ನೆಗಿಂತ ಜಾಸ್ತಿ ಅಲ್ವಾ ಅಂತ ಸೊಸೆ ಕೇಳಿದರು.

ಒಂದು ಷರತ್ತು ತಜ್ಞರು ಹಾಕಿದರು: ಹೊಟ್ಟೆಯೊಳಗೆ ಕ್ಯಾನ್ಸರ್ ಹರಡಿದ ಗುರುತು ಕಂಡರೆ ಅಥವಾ ಅರಿವಳಿಕೆ ವೈದ್ಯರು ಸಾಕು ಅಂದರೆ ನನ್ನ ಅರ್ಧ ಅವತ್ತು ಇಲ್ಲ. ರಿಪೇರಿಯಿಂದ ಗಾಯ ಮಾಯುವುದು ತಡವಾಗಿ, ಅದರಿಂದ ಕ್ಯಾನ್ಸರ್ ಚಿಕಿತ್ಸೆ ಮುಂದಕ್ಕೆ ಹೋಗಬಾರದು. ಇದನ್ನು ಒಪ್ಪಿಗೆ ಪತ್ರದಲ್ಲೂ ಬರೆದೆವು.

ಮೂರು ವಾರದ ತಯಾರಿ

ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ರಕ್ಷಣೆ ಇದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತರಲು ಮಗ ಒಂದು ದಿನ ಓಡಾಡಿದರು.

ದಿನಾ ಸಂಜೆ ಪ್ಯಾಕ್ ಇಟ್ಟು ಗರ್ಭಕೋಶವನ್ನು ಒಳಗೇ ಕೂರಿಸಿದೆವು. ಹೊರಗೆ ಉಜ್ಜುವುದು ನಿಂತರೆ ಹುಣ್ಣು ಬೇಗ ಮಾಯುತ್ತೆ. ಹದಿನೆಂಟು ದಿನಕ್ಕೆ ಚರ್ಮ ಕೂಡಿಕೊಂಡಿತು. ಮಾತ್ರೆಯ ಜೊತೆ ಇನ್ಸುಲಿನ್ ಸೇರಿಸಿ, ಖಾಲಿ ಹೊಟ್ಟೆಯ ಸಕ್ಕರೆ 190ರಿಂದ 120ರ ಆಸುಪಾಸಿಗೆ ಬಂತು. ಮುದ್ದೆ ಬಿಡಲ್ಲ ಅಂದರು, ಬಿಡಿ ಅಂತ ನಾನೂ ಹೇಳಲಿಲ್ಲ. ಎರಡನ್ನು ಒಂದು ಮಾಡಿ ಅಂದೆ.

ಆಪರೇಷನ್ ದಿನ

ಜುಲೈ, ಬೆಳಿಗ್ಗೆ ಏಳೂವರೆ. ಹೊರಗೆ ಜಡಿಮಳೆ, ಕರೆಂಟ್ ಎರಡು ಸಲ ಹೋಗಿ ಜನರೇಟರ್ ಹತ್ತಿತು.

ಮೊದಲು ಸಿಸ್ಟೋಸ್ಕೋಪ್ ಹಾಕಿ ಮೂತ್ರಕೋಶದೊಳಗೆ ನೋಡಿದೆ. ಎರಡೂ ಮೂತ್ರನಾಳಗಳಿಂದ ಮೂತ್ರ ಚಿಮ್ಮುತ್ತಿತ್ತು. ಬಲಗಡೆ ಸ್ವಲ್ಪ ನಿಧಾನ, ಆದರೂ ಬರುತ್ತಿತ್ತು. ಹೀಗೆ ಮುಂಚೆಯೇ ನೋಡುವುದು ಕೆಲವರಿಗೆ ಅತಿ ಅನಿಸಬಹುದು. ಅವತ್ತು ಅದೇ ನಮ್ಮನ್ನು ಉಳಿಸಿತು.

ಕ್ಯಾನ್ಸರ್ ಕೆಲಸ ಮೊದಲು. ಕೊರಳಿನ ಬಾಯಿಯನ್ನು ಹೊಲಿದು ಮುಚ್ಚಿದರು, ಒಳಗಿನ ಕೋಶಗಳು ಹೊರಗೆ ಚೆಲ್ಲದಿರಲಿ ಅಂತ. ಹೊಟ್ಟೆಯೊಳಗೆಲ್ಲ ನೋಡಿದರು, ಹರಡಿದ ಗುರುತಿಲ್ಲ. ಅಂಡನಾಳಗಳನ್ನು ಮೊದಲೇ ಕಟ್ಟಿದರು. ಜಾರಿದ ಗರ್ಭಕೋಶದಲ್ಲಿ ಮೂತ್ರನಾಳ ಎಲ್ಲಿರಬೇಕೋ ಅಲ್ಲಿ ಇರಲ್ಲ, ಕೆಳಗೆ ಜಗ್ಗಿರುತ್ತೆ. ಹಾಗಾಗಿ ಅದನ್ನು ಕಣ್ಣಾರೆ ನೋಡಿಕೊಂಡು ಹೋದರು. ಗರ್ಭಕೋಶವನ್ನು ಚೂರು ಮಾಡದೆ ಇಡಿಯಾಗಿ ಕೆಳಗಿನಿಂದ ತೆಗೆದರು. ಒಂದು ಗಂಟೆ ನಲವತ್ತು ನಿಮಿಷ.

ಪಕ್ಕದ ಕೋಣೆಯಲ್ಲಿ ಪೆಥಾಲಜಿ ವೈದ್ಯರು ಗರ್ಭಕೋಶ ಸೀಳಿ ನೋಡಿದರು. ಗಡ್ಡೆ 1.8 ಸೆಂ.ಮೀ. ಆಳ ಅರ್ಧಕ್ಕಿಂತ ಕಡಿಮೆ ಇದ್ದ ಹಾಗಿದೆ ಅಂದರು. ಗ್ರೇಡ್ 1 ಅಥವಾ 2, ಆಳ ಅರ್ಧದೊಳಗೆ, ಗಡ್ಡೆ 2 ಸೆಂ.ಮೀ. ಒಳಗೆ ಇದ್ದರೆ ದುಗ್ಧಗ್ರಂಥಿಗೆ ಹರಡಿರುವ ಸಾಧ್ಯತೆ ತೀರಾ ಕಡಿಮೆ. ಆದ್ದರಿಂದ ಗ್ರಂಥಿಗಳನ್ನು ಮುಟ್ಟಲಿಲ್ಲ. ಅವನ್ನು ತೆಗೆದವರಲ್ಲಿ ಕೆಲವರಿಗೆ ಕಾಲು ಊದಿ ಜೀವನಪೂರ್ತಿ ಉಳಿಯುತ್ತೆ. ಅದು ತಪ್ಪಿತು.

ಅರಿವಳಿಕೆ ವೈದ್ಯರು ಹೂಂ ಅಂದ ಮೇಲೆ ನಾನು ಶುರು ಮಾಡಿದೆ. ಎಡಗಡೆಗೆ ಎರಡು ಹೊಲಿಗೆ, ಬಲಗಡೆಗೆ ಎರಡು. ಯೋನಿಯ ತುದಿ ಚೆನ್ನಾಗಿ ಮೇಲಕ್ಕೆ ಹೋಯಿತು. ಮುಂದಿನ ಗೋಡೆ ಬಿಗಿ ಮಾಡಿದೆ. ಕೆಳಗಿನ ಬಾಯಿಯ ಸ್ನಾಯು ಕೂಡಿಸಿದೆ. ಎಲ್ಲ ಅಂದವಾಗಿತ್ತು. ಆಮೇಲೆ ಸಿಸ್ಟೋಸ್ಕೋಪ್ ಮತ್ತೆ ಹಾಕಿದೆ.

ಎಡಗಡೆ ಮೂತ್ರ ಚಿಮ್ಮಿತು. ಬಲಗಡೆ ಇಲ್ಲ.

ಐದು ನಿಮಿಷ ಕಾದೆವು. ಹತ್ತು ನಿಮಿಷ ಕಾದೆವು. ಆ ಕಿಡ್ನಿ ಮೊದಲೇ ಊದಿತ್ತಲ್ವಾ, ಅದಕ್ಕೇ ನಿಧಾನ ಇರಬಹುದು ಅಂತ ಯಾರೋ ಅಂದರು. ಬೆಳಿಗ್ಗೆ ನೋಡಿರದಿದ್ದರೆ ನಾನೂ ಅದನ್ನೇ ನಂಬಿ ಮುಗಿಸುತ್ತಿದ್ದೆನೇನೋ. ಆದರೆ ಬೆಳಿಗ್ಗೆ ಬರುತ್ತಿತ್ತು. ಅಂದರೆ ನನ್ನ ಹೊಲಿಗೆಯೇ ಮೂತ್ರನಾಳವನ್ನು ಎಳೆದು ಮಡಚಿದೆ. ಈ ವಿಧಾನದ ಗೊತ್ತಿರುವ ತೊಂದರೆ ಇದು, ಆ 2014ರ ಅಧ್ಯಯನದಲ್ಲೂ ನೂರಕ್ಕೆ ಮೂರು ಮಂದಿಗೆ ಆಗಿತ್ತು. ಬಲಗಡೆಯ ಹೊರಗಿನ ಹೊಲಿಗೆ ಕತ್ತರಿಸಿದೆ. ಅರ್ಧ ನಿಮಿಷದಲ್ಲಿ ಚಿಮ್ಮಿತು. ಆ ಹೊಲಿಗೆಯನ್ನು ಇನ್ನಷ್ಟು ಒಳಬದಿಗೆ ಹಾಕಿ ಮತ್ತೆ ನೋಡಿದೆ, ಬರುತ್ತಿತ್ತು. ಸಾಕು.

ನನ್ನ ಭಾಗಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಇದರಲ್ಲಿ ಇಪ್ಪತ್ತು ನಿಮಿಷ ಈ ಮೂತ್ರನಾಳದ ಕಾಟ. ಒಟ್ಟು ರಕ್ತ ಹೋಗಿದ್ದು ಸುಮಾರು 150 ಮಿ.ಲೀ.

ಹಾಕದೇ ಬಿಟ್ಟ ಪಟ್ಟಿ

ಈಗ ಆ ಮೂತ್ರದ ವಿಷಯ. ಮೈ ಪೂರ್ತಿ ಜಾರಿದ ಮೇಲೆ ಸೋರುವುದು ತಾನೇ ನಿಂತಿತು ಅಂದಿದ್ದರು. ಅದು ಗುಣವಾಗಿ ನಿಂತಿದ್ದಲ್ಲ. ಮೂತ್ರಕೋಶ ಇಳಿದಾಗ ಮೂತ್ರ ಹೊರಬರುವ ದಾರಿ ಮಡಚಿಕೊಂಡು ತಡೆಯಾಗಿರುತ್ತೆ. ಜಾರಿದ್ದನ್ನು ಎತ್ತಿ ಕಟ್ಟಿದ ದಿನ ಮಡಿಕೆ ಬಿಚ್ಚುತ್ತೆ, ಸೋರುವುದು ಮರಳುತ್ತೆ. ಪ್ಯಾಕ್ ಇಟ್ಟ ದಿನಗಳಲ್ಲಿ ಕೆಮ್ಮಿಸಿ ನೋಡಿದೆ, ಚೆನ್ನಾಗಿಯೇ ಸೋರಿತು.

ಮೂತ್ರದ ದಾರಿಯ ಕೆಳಗೆ ಸಣ್ಣ ಪಟ್ಟಿ ಹಾಕಿದರೆ ಇದು ನಿಲ್ಲುತ್ತೆ, ಅದಕ್ಕೆ ಸ್ಲಿಂಗ್ ಅನ್ನುತ್ತೇವೆ. 2012ರ ಒಂದು ಅಧ್ಯಯನದಲ್ಲಿ ಜಾರಿದ್ದನ್ನು ಸರಿ ಮಾಡುವಾಗಲೇ ಸ್ಲಿಂಗ್ ಹಾಕಿದವರಲ್ಲಿ ಮೂರು ತಿಂಗಳಿಗೆ ನೂರಕ್ಕೆ 24 ಮಂದಿಗೆ ಸೋರಿಕೆ ತೊಂದರೆ ಇತ್ತು. ಹಾಕದವರಲ್ಲಿ 49 ಮಂದಿಗೆ. ಅಷ್ಟು ವ್ಯತ್ಯಾಸ ಇದ್ದರೂ ನಾನು ಹಾಕಲಿಲ್ಲ. ಸ್ಲಿಂಗ್ ಹಾಕಿದವರಲ್ಲಿ ಮೂತ್ರದ ಸೋಂಕು, ಮೂತ್ರ ಪೂರ್ತಿ ಹೋಗದಿರುವುದು ಜಾಸ್ತಿ. ಇವರಿಗೆ ಮೊದಲೇ 180 ಮಿ.ಲೀ. ಉಳಿಯುತ್ತಿತ್ತು. ರೇಡಿಯೇಷನ್ ಪ್ರಶ್ನೆ ಇನ್ನೂ ಬಾಕಿ ಇತ್ತು. ಸ್ಲಿಂಗ್ ಆಮೇಲೂ ಹಾಕಬಹುದು, ಸಣ್ಣ ಕೆಲಸ. ಒಂದೇ ಸಲಕ್ಕೆ ಎಲ್ಲ ಮುಗಿಸಬೇಕು ಅನ್ನುವ ಆಸೆ ಸರ್ಜನ್‌ಗಳಿಗೆ ಇರುತ್ತೆ, ನನಗೂ ಇದೆ. ಇದನ್ನು ಅವರಿಗೆ ಮುಂಚೆಯೇ ಹೇಳಿದ್ದೆ: ಕೆಮ್ಮಿದಾಗ ಸೋರಬಹುದು, ಆಪರೇಷನ್ ಕೆಟ್ಟಿತು ಅಂದುಕೊಳ್ಳಬೇಡಿ. ಇದೇ ತೀರ್ಮಾನವನ್ನು ಬೇರೆ ವೈದ್ಯರು ಬೇರೆ ರೀತಿ ಮಾಡಬಹುದು, ಅದು ತಪ್ಪಲ್ಲ.

ಆಮೇಲೆ

ಎರಡನೇ ದಿನ ಮೂತ್ರದ ಕೊಳವೆ (ಕ್ಯಾತಿಟರ್) ತೆಗೆದೆವು. ಮೂತ್ರ ಹೋದ ಮೇಲೆ ಉಳಿದಿದ್ದು 60 ಮಿ.ಲೀ. ಮೂರನೇ ದಿನ ಮನೆಗೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಯ ಚರ್ಮಕ್ಕೆ ದಿನಾ ಒಂದು ಇಂಜೆಕ್ಷನ್, 28 ದಿನ. ಲ್ಯಾಪ್ರೊಸ್ಕೋಪಿ ಆದವರಿಗೆಲ್ಲ ಇಷ್ಟು ದಿನ ಬೇಕಾ ಅನ್ನುವ ಚರ್ಚೆ ಇದೆ. ಕ್ಯಾನ್ಸರ್, ತೂಕ, ಮೂರು ಗಂಟೆಯ ಆಪರೇಷನ್ ನೋಡಿ ಕೊಟ್ಟೆವು. ಸೊಸೆ ಎರಡೇ ದಿನದಲ್ಲಿ ಚುಚ್ಚುವುದು ಕಲಿತರು. ಹಸುಗಳಿಗೆ ಇಂಜೆಕ್ಷನ್ ಕೊಡುವುದನ್ನು ನೋಡಿದ್ದೀನಿ ಬಿಡಿ ಅಂದರು.

ಹನ್ನೊಂದನೇ ದಿನಕ್ಕೆ ಅಂತಿಮ ವರದಿ ಬಂತು. ಗ್ರೇಡ್ 1, ಸ್ನಾಯುವಿನ ದಪ್ಪದಲ್ಲಿ ನೂರಕ್ಕೆ 30 ಭಾಗದಷ್ಟು ಆಳ, ರಕ್ತನಾಳಗಳಲ್ಲಿ ಕ್ಯಾನ್ಸರ್ ಕೋಶಗಳಿಲ್ಲ, ಅಂಡಾಶಯಗಳು ಶುದ್ಧ. ಮೊದಲನೇ ಹಂತದಲ್ಲೇ ಮೊದಲ ಭಾಗ. ರೇಡಿಯೇಷನ್ ಬೇಡ. ಬೇಕಾದರೆ ಬೆಂಗಳೂರಿನಲ್ಲಿ ಮಗಳ ಮನೆಯಿಂದ ಓಡಾಡುವುದು ಅಂತ ಮಾತಾಗಿತ್ತು, ಮಗಳು ಕೋಣೆ ಕೂಡ ಖಾಲಿ ಮಾಡಿಟ್ಟಿದ್ದರಂತೆ.

ಮೂರು ತಿಂಗಳಿಗೆ ಯೋನಿಯ ತುದಿ ಮೇಲೇ ಇತ್ತು. ಬಲಗಿಡ್ನಿಯ ಊತ ಇಳಿದಿತ್ತು. ನಿರೀಕ್ಷಿಸಿದಂತೆ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುತ್ತಿತ್ತು, ದಿನಕ್ಕೆ ಎರಡು ಪ್ಯಾಡ್. ಫಿಸಿಯೋಥೆರಪಿಯವರು ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ಹಾಲು ಕರೆಯುವಾಗ ಕೂತಲ್ಲೇ ಮಾಡುತ್ತೇನೆ ಅಂದರು. ಅದೇ ಅಕ್ಟೋಬರ್‌ನಲ್ಲಿ ಗುಡಿ ಬಾಗಿಲು ತೆರೆಯುವುದಿತ್ತು. ಈ ವರ್ಷ ಬೇಡ ಅಂದೆ. ಮುಖ ಸಪ್ಪಗಾಯಿತು.

ಆರು ತಿಂಗಳಿಗೆ ಪ್ಯಾಡ್ ದಿನಕ್ಕೆ ಒಂದಾಯಿತು. ಸ್ಲಿಂಗ್ ಹಾಕೋಣವಾ ಅಂತ ಕೇಳಿದೆ, ಬೇಡ ಅಂದರು. ನಾಲ್ಕು ತಿಂಗಳಿಗೊಮ್ಮೆ ಬಂದು ತೋರಿಸುತ್ತಿದ್ದಾರೆ. ಮೊದಲ ಎರಡು ಮೂರು ವರ್ಷ ಇದು ತಪ್ಪಬಾರದು.

ಹದಿನಾರನೇ ತಿಂಗಳ ಭೇಟಿ ದೀಪಾವಳಿ ಕಳೆದ ಮೇಲೆ ಬಂತು. ಪರೀಕ್ಷೆಯಲ್ಲಿ ಕ್ಯಾನ್ಸರಿನ ಗುರುತಿಲ್ಲ. ಮುಂದಿನ ಗೋಡೆ ಸ್ವಲ್ಪ ಸಡಿಲ ಆಗಿದೆ, ಯೋನಿಯ ಬಾಯಿಯ ಒಳಗೇ ಇದೆ, ಅವರಿಗೆ ಗೊತ್ತೂ ಆಗಿಲ್ಲ. ಮಂಚದಿಂದ ಇಳಿದು ಸೀರೆ ಸರಿ ಮಾಡಿಕೊಳ್ಳುತ್ತಾ ಹೇಳಿದರು, ಹಾಸನಾಂಬೆ ಸಾಲಿನಲ್ಲಿ ನಾಲ್ಕು ಗಂಟೆ ನಿಂತಿದ್ದರಂತೆ.

"ಕೆಮ್ಮು ಬಂದಾಗ ಒಸಿ ಸೋರ್ತು. ಪ್ಯಾಡ್ ಇತ್ತಲ್ಲ. ಬಿಡಿ."

ಮುಂದಿನ ತಾರೀಕು ಮಾರ್ಚ್‌ಗೆ ಬರೆದುಕೊಟ್ಟೆ.